ಕೊರಮೀನಿನ ಮರಿ ಕಾದ ಕಾತ್ಯಾಯಿನಮ್ಮ

ಬಹಳ ಬಹಳ ಹಿಂದಿನ ಮಾತು. ಹಾಲಗೆರೆ ಅಂತ ಒಂದೂರು, ಊರಿಗಿಂತ ದೊಡ್ಡದೊಂದು ಕೆರೆ. ಆ ಕೆರೆಗೆ ದೂರದ ಪಟ್ಟಣದಿಂದ ಒಬ್ಬ ಹೆಣ್ಣುಮಗಳು ಬಂದಳಂತೆ. ಹೆಸರು ಕಾತ್ಯಾಯಿನಿ. ದೊಡ್ಡ ಓದು ಓದಿದವಳು, ವಿಜ್ಞಾನಿ. ಬಂದವಳು ಏನು ಮಾಡಿದಳು ಅಂತೀರಿ? ದಂಡೆಯ ಮೇಲೆ ಕೊಡೆ ಬಿಚ್ಚಿ ಕೂತಳು. ಮೀನು ನೋಡಿದಳು. ಮಾರನೇ ದಿನವೂ ಕೂತಳು, ಮೀನು ನೋಡಿದಳು. ಹಿಡಿಯಲಿಲ್ಲ, ಕೊಳ್ಳಲಿಲ್ಲ, ಸುಮ್ಮನೆ ನೋಡಿದಳು.

ಬೆಸ್ತರ ಕೇರಿಯವರು ನಕ್ಕರು. ಮೀನು ತಿನ್ನೋದು ಗೊತ್ತು, ಮಾರೋದು ಗೊತ್ತು, ನೋಡೋದಕ್ಕೂ ಸಂಬಳ ಕೊಡ್ತಾರಾ ಅಂತ ಕೇಳಿದರು. ಕೊಡ್ತಾರೆ, ಆದರೆ ಸ್ವಲ್ಪ ಕಮ್ಮಿ ಅಂದಳಂತೆ. ಮಿಂಚುಳ್ಳಿ ಅವಳ ಕೊಡೆಯ ಮೇಲೆ ಕೂತು ಬೇಟೆಗೆ ಹಾರುತ್ತಿತ್ತು ಅಂತಾರೆ. ಅವಳು ನೀರೊಳಗೇ ಉಸಿರಾಡುತ್ತಿದ್ದಳು ಅಂತಲೂ ಅಂತಾರೆ. ಮಿಂಚುಳ್ಳಿಯದನ್ನು ನಾನು ನಂಬುತ್ತೇನೆ, ಉಸಿರಿನದನ್ನು ಬೇಕಾದರೆ ನೀವು ನಂಬಿ.

ವರ್ಷಗಳು ಉರುಳಿದವು. ಯಾವ ಮೀನು ಯಾವುದಕ್ಕೆ ಹೆದರುತ್ತೆ, ಯಾವುದು ಎಲ್ಲಿ ಮೊಟ್ಟೆ ಇಡುತ್ತೆ, ನೀರು ಇಳಿದರೆ ಯಾವುದು ಎಲ್ಲಿಗೆ ಹೋಗುತ್ತೆ, ಎಲ್ಲವನ್ನೂ ಕಂಡುಕೊಂಡಳಂತೆ. ಅಷ್ಟರಲ್ಲಿ ತಲೆಗೂದಲೂ ನೆರೆಯಿತು. ಎಲ್ಲಕ್ಕಿಂತ ಅವಳಿಗೆ ಕೊರಮೀನು ಅಂದರೆ ಪ್ರಾಣ.

ಕೊರಮೀನು ಅಂದರೆ ಹಾವಿನ ತಲೆಯ ಮೀನು. ಅದರ ಮರಿಗಳು ಕೆಂಪಗೆ, ಕುಂಕುಮ ಚೆಲ್ಲಿದ ಹಾಗೆ, ಒಂದೇ ಗುಂಪಾಗಿ ನೀರಿನ ಮೇಲೆ ತೇಲುತ್ತವೆ. ಕೆಳಗೆ ದೊಡ್ಡ ಮೀನೊಂದು ತಿರುಗುತ್ತಿರುತ್ತೆ. ಅದು ಮರಿ ನುಂಗೋದಕ್ಕೇ ಹೊಂಚು ಹಾಕಿದೆ ಅಂತ ಕೇರಿಯವರ ನಂಬಿಕೆ. ಕೆಂಪು ಕಂಡಲ್ಲಿ ಗಾಳ ಹಾಕೋರು. ದೊಡ್ಡದು ರೇಗಿ ಗಾಳಕ್ಕೆ ಬಾಯಿ ಹಾಕೋದು. ಮೀನೂ ಸಿಕ್ಕಿತು, ಮರಿ ಉಳಿಸಿದ ಪುಣ್ಯವೂ ಬಂತು ಅಂತ ಮನೆಗೆ ಹೋಗೋರು. ಅದು ಹೊಂಚಲ್ಲ, ಕಾವಲು ಕಣ್ರಪ್ಪಾ ಅಂತ ಕಾತ್ಯಾಯಿನಮ್ಮ ಹೇಳಿ ಹೇಳಿ ಸೋತಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊರಮೀನು ವರ್ಷವರ್ಷವೂ ಕಡಿಮೆಯಾಗುತ್ತಾ ಬಂದು, ಕೊನೆಗೆ ತೂಬಿನ ಹತ್ತಿರ ಒಂದೇ ಒಂದು ಜೋಡಿ ಉಳಿಯಿತಂತೆ.

ಆ ವರ್ಷ ಬೆಸ್ತರ ದುರುಗಪ್ಪನ ಮಗಳು ನಾಗವ್ವ ಹೆತ್ತಳು. ಹೆರಿಗೆ ಕಷ್ಟವಾಗಿ ಹಾಸಿಗೆ ಹಿಡಿದಳು, ಎದ್ದು ಕೂರೋಕೂ ತ್ರಾಣ ಇರಲಿಲ್ಲ. ಬಾಣಂತಿಗೆ ಕೊರಮೀನಿನ ಸಾರು ಕೊಟ್ಟರೆ ಮೈಗೆ ಕಸುವು ಬರುತ್ತೆ ಅನ್ನೋದು ಆ ಕೇರಿಯ ಪದ್ಧತಿ. ದುರುಗಪ್ಪ ನೆಟ್ಟಗೆ ತೂಬಿನ ಹತ್ತಿರ ಹೋಗಿ ಕೆಂಪಿನ ನಡುವೆ ಗಾಳ ಹಾಕಿದ. ಮೀನು ಕಚ್ಚಿತು. ಒದ್ದೆ ಗೋಣಿಯಲ್ಲಿ ಸುತ್ತಿ ಮನೆಗೆ ತಂದ. ಕೊರಮೀನು ಗಟ್ಟಿ ಜೀವ, ಮೈ ಒದ್ದೆಯಿದ್ದರೆ ನೀರಾಚೆಗೂ ಎಷ್ಟೋ ಹೊತ್ತು ಬದುಕಿರುತ್ತೆ.

ಕಾತ್ಯಾಯಿನಮ್ಮ ಬಂದು ನೋಡುತ್ತಾಳೆ, ಕಾವಲಿಲ್ಲ. ನೀರುಕಾಗೆಗಳು ಆಗಲೇ ಮರಿಗಳಿಗೆ ಮುತ್ತಿದ್ದವು. ನೋಡೋದು ಬಿಟ್ಟು ಬೇರೇನೂ ಮಾಡಬಾರದು ಅನ್ನೋದು ಅವಳ ವಿದ್ಯೆಯ ಕಟ್ಟಳೆಯಂತೆ. ಅವತ್ತು ಆ ಕಟ್ಟಳೆ ಮುರಿದಳು. ಸೀರೆ ಎತ್ತಿ ಕಟ್ಟಿ, ಸೊಂಟದ ತನಕ ನೀರಿಗಿಳಿದು, ಕೊಡೆ ಬೀಸಿ ಬೀಸಿ ಹಕ್ಕಿ ಓಡಿಸುತ್ತಾ ನಿಂತಳು.

ಬಟ್ಟೆ ಒಗೆಯುತ್ತಿದ್ದ ಹೆಂಗಸರು, ಅಮ್ಮನಿಗೆ ತಲೆ ಕೆಟ್ಟಿದೆ, ನೀರಿಗಿಳಿದು ಕೊರಮೀನಿನ ಮರಿ ಕಾಯ್ತಿದ್ದಾಳೆ ಅಂತ ಕೇರಿಗೆ ಸುದ್ದಿ ಮುಟ್ಟಿಸಿದರು. ಮಲಗಿದ್ದ ನಾಗವ್ವನ ಕಿವಿಗೂ ಬಿತ್ತು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು.

"ಯಪ್ಪಾ, ಇಷ್ಟು ವರ್ಷ ಕೂತ ಜಾಗ ಬಿಟ್ಟು ಏಳದ ಅಮ್ಮ ಸುಮ್ಮನೆ ನೀರಿಗಿಳಿಯಾಕಿಲ್ಲ. ಆ ಮೀನೂ ನನ್ನಂಗೆ ಹೆತ್ತದ್ದು. ನನ್ನ ಗಂಟಲಾಗೆ ಇಳಿಯಾಕಿಲ್ಲ, ಬಿಟ್ಟು ಬಾ" ಅಂದಳಂತೆ.

ದುರುಗಪ್ಪನಿಗೆ ಸಿಟ್ಟು ಬಂತು, ಅಳುವೂ ಬಂತು. ಗೋಣಿ ಹೆಗಲಿಗೆ ಹಾಕಿಕೊಂಡು ಕೆರೆಗೆ ಬಂದು ಕೂಗಾಡಿದ.

"ತಾಯಿಮೀನು ಅಂತ ನನ್ನ ಮಗಳು ಮುಟ್ಟಾಕಿಲ್ಲ ಅಂತಾಳೆ. ನಾಳೆ ಅವಳಿಗೇನಾದ್ರೂ ಆದ್ರೆ ಯಾರು ತಂದುಕೊಡ್ತಾರೆ ಅಮ್ಮೋರೇ, ನನ್ನ ಮಗಳನ್ನ?"

ಹೂಂ, ತಾಯಿಮೀನೇ ಅಂತ ಕಾತ್ಯಾಯಿನಮ್ಮ ಅಂದಿದ್ದರೆ ಕೆಲಸ ಆಗಿಬಿಡುತ್ತಿತ್ತು. ನಾನಾಗಿದ್ದರೆ ಹಾಗೇ ಅಂದುಬಿಡುತ್ತಿದ್ದೆ. ಆದರೆ ಕಣ್ಣಾರೆ ಕಂಡದ್ದಲ್ಲದೆ ಬೇರೆ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ.

"ಅದು ತಾಯಿ ಅಲ್ಲ ದುರುಗಪ್ಪ, ಅಪ್ಪ. ಈ ಜೋಡೀಲಿ ಮರಿ ಕಾಯೋದು ಗಂಡು" ಅಂದಳಂತೆ.

ದುರುಗಪ್ಪ ಮರಿಗಳ ಕಡೆ ನೋಡಿದ. ಗೋಣಿಯೊಳಗಿನ ಮೀನು ಅವನ ಬೆನ್ನಿಗೆ ಬಡಿಯುತ್ತಿತ್ತು. ಬಿಟ್ಟರೆ ಮರಿಗಳ ಹತ್ತಿರ ಹೋಗುತ್ತಾ ಅಂತ ಮೆಲ್ಲಗೆ ಕೇಳಿದ. ಗೊತ್ತಿಲ್ಲಪ್ಪ, ಅದನ್ನ ನಾನು ನೋಡಿಲ್ಲ ಅಂದಳು.

ಅವನೇ ನೀರಿಗಿಳಿದು ಗೋಣಿ ಬಿಚ್ಚಿದ. ಮೀನು ಹೊರಳಿತು, ಸ್ವಲ್ಪ ಹೊತ್ತು ಕೊರಡಿನ ಹಾಗೆ ಬಿದ್ದಿತ್ತು. ಆಮೇಲೆ ಹೋಗಿ ಉಳಿದ ಮರಿಗಳ ಕೆಳಗೆ ನಿಂತಿತು. ಇಬ್ಬರೂ ನಿಂತು ನೋಡಿದರಂತೆ. ನಾಗವ್ವ ಎದ್ದಳಾ ಅಂತ ಕೇಳ್ತೀರಿ, ಗೊತ್ತು. ಎದ್ದಳು, ಏಡಿ ಸಾರು ಕುಡಿದು, ನಿಧಾನಕ್ಕೆ.

ಕಾತ್ಯಾಯಿನಮ್ಮ ಹೋಗಿ ಎಷ್ಟೋ ಕಾಲವಾಯಿತು. ಅವಳು ಬರೆದದ್ದನ್ನು ಆ ಊರಲ್ಲಿ ಓದಿದವರಿಲ್ಲ. ಆದರೆ ಈಗಲೂ ಹಾಲಗೆರೆಯಲ್ಲಿ ಕೆಂಪು ಕಂಡಲ್ಲಿ ಯಾರೂ ಗಾಳ ಹಾಕೋದಿಲ್ಲ. ಯಾವ ಮನೆಯಲ್ಲಿ ಮಗಳು ಹೆತ್ತರೂ, ಮಗುವಿನ ಮುಖ ನೋಡಿದ ಮೇಲೆ ಅವಳ ಅಪ್ಪ ಕೆರೆಗೆ ಹೋಗಿ ಸೊಂಟದ ತನಕ ನೀರಲ್ಲಿ ನಿಲ್ಲುತ್ತಾನೆ. ಕೆಂಪು ಕಂಡರೆ ಹಕ್ಕಿ ಓಡಿಸುತ್ತಾನೆ. ಕಾಣದಿದ್ದರೂ ನಿಲ್ಲುತ್ತಾನೆ, ಮನೆಯವರು ಊಟಕ್ಕೆ ಕರೆಯೋ ತನಕ.