ಜಾರದ ಟೈರು

"ಗುರುಗಳೇ, ನನಗೆ ಇದಕ್ಕಿಂತ ಕಠಿಣವಾದ ವ್ರತ ಯಾವುದಾದರೂ ಇದೆಯೆ?" ಎಂದು ಮಹಾಂತ ಕೇಳಿದ.

ಮಹಾಂತ ಆಶ್ರಮಕ್ಕೆ ಬಂದು ಒಂದು ವರ್ಷವಾಗಿತ್ತು. ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಿದ್ದ. ಬರಿಯ ಚಾಪೆಯ ಮೇಲೆ ಮಲಗುತ್ತಿದ್ದ. ವಾರದಲ್ಲಿ ಮೂರು ದಿನ ಮಾತು ಬಿಟ್ಟಿದ್ದ. ಇದಾವುದೂ ಅವನಿಗೆ ಸಾಕಾಗಿರಲಿಲ್ಲ.

ಗುರುಗಳು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. "ಎಂಥ ವ್ರತ ಬೇಕು?" ಎಂದರು.

"ಹಿಡಿದರೆ ಮನಸ್ಸು ಒಂದೆಳೆಯಷ್ಟೂ ಜಾರಬಾರದು. ಅಂಥದ್ದು."

ಗುರುಗಳು ಶೇಂಗಾದ ಮೊರವನ್ನು ಪಕ್ಕಕ್ಕೆ ಸರಿಸಿ, ಕೈಗೆ ಅಂಟಿದ ಸಿಪ್ಪೆ ಕೊಡವಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಕಪ್ಪು ಎರೆಮಣ್ಣಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಹೆಸರು ದ್ಯಾಮಣ್ಣ. ಹೆಂಡತಿ ಶಾಂತವ್ವ. ಅವರ ಬಳಿ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ಅದು ದ್ಯಾಮಣ್ಣನ ಸೋದರಮಾವ ಕೊಂಡದ್ದು. ನಲವತ್ತು ವರ್ಷ ದುಡಿದು ಅದರ ಕೆಂಪು ಬಣ್ಣ ಇಟ್ಟಿಗೆಯ ಬಣ್ಣಕ್ಕೆ ಇಳಿದಿತ್ತು. ಹಿಂದಿನ ಎರಡು ಟೈರುಗಳ ಹಲ್ಲು ಸವೆದು ಅಂಗೈಯಂತೆ ನುಣ್ಣಗಾಗಿದ್ದವು. ಈ ಸುಗ್ಗಿ ಕಳೆಯಲಿ, ಬದಲಿಸೋಣ ಎಂದು ದ್ಯಾಮಣ್ಣ ಮೂರು ಸುಗ್ಗಿ ಕಳೆದಿದ್ದ.

ಒಂದು ಸಂಜೆ ಗಂಡ ಹೆಂಡತಿ ಹೊಲದಿಂದ ಮರಳುತ್ತಿದ್ದರು. ಶಾಂತವ್ವ ಎಂದಿನಂತೆ ಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಕೂತಿದ್ದಳು. ಜಿನುಗುಮಳೆ ಹತ್ತಿತು. ಕಾಲುವೆಯ ಏರಿಯ ಮೇಲೆ ಹಿಂದಿನ ಗಾಲಿ ಜಾರಿತು. ಟ್ರ್ಯಾಕ್ಟರ್ ಸದ್ದಿಲ್ಲದೆ ಅಡ್ಡಡ್ಡ ಸರಿದು ಒಂದು ಮರಕ್ಕೆ ಒರಗಿ ನಿಂತಿತು. ಶಾಂತವ್ವ ಕೆಳಗೆ ಬಿದ್ದಳು. ಸೊಂಟದ ಎಲುಬು ಮುರಿಯಿತು.

ಆರು ತಿಂಗಳಿಗೆ ಅವಳು ಎದ್ದು ನಡೆದಳು. ಒಂದು ಕಾಲು ಎಳೆದು ನಡೆಯುತ್ತಿದ್ದಳು. ಬಿದ್ದದ್ದರ ಮಾತನ್ನು ಅವಳು ಎತ್ತಲಿಲ್ಲ. ದ್ಯಾಮಣ್ಣನೂ ಎತ್ತಲಿಲ್ಲ.

ಆದರೆ ದ್ಯಾಮಣ್ಣನ ಕಾಲ ಕೆಳಗೆ ನೆಲ ನಿಲ್ಲದಾಯಿತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿದರೆ ಹೊಲ ಮೆಲ್ಲಗೆ ಸರಿಯತೊಡಗುತ್ತಿತ್ತು. ಜೋಳ, ಬದು, ಬಾವಿ, ನೀರಿನ ಕೊಡ ಹಿಡಿದು ನಿಂತ ಶಾಂತವ್ವ, ಎಲ್ಲವೂ ದೋಣಿಯ ಮೇಲಿದ್ದಂತೆ ಪಡುವಣ ದಿಕ್ಕಿಗೆ ತೇಲುತ್ತಿದ್ದವು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನೊಬ್ಬನಿಗೇ ಗೊತ್ತಾಗುತ್ತಿತ್ತು. ಕಣ್ಣು ತೆರೆದ ಮೇಲೂ ಸ್ವಲ್ಪ ಹೊತ್ತು ಹೊಲ ಹಾಗೆಯೇ ಸರಿಯುತ್ತಿತ್ತು.

ಎರಡು ವರ್ಷ ಟ್ರ್ಯಾಕ್ಟರ್ ಚಪ್ಪರದ ಕೆಳಗೆ ನಿಂತಿತು. ದ್ಯಾಮಣ್ಣ ಬೇರೆಯವರ ಎತ್ತುಗಳಿಂದ ಬೇಸಾಯ ಮಾಡಿಸಿದ. ಆ ಎರಡು ವರ್ಷ ಅವನು ಮಾಡಿದ್ದು ಒಂದೇ ಹುಡುಕಾಟ. ಸಂತೆಯ ದಿನ ಪೇಟೆಗೆ ಹೋಗಿ ಟೈರಿನ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ. ಟೈರಿನ ಹಲ್ಲುಗಳ ನಡುವೆ ಬೆರಳು ಇಳಿಸಿ ಆಳ ನೋಡುತ್ತಿದ್ದ. ಆ ಹಳೆಯ ರಿಮ್ಮಿನ ಅಳತೆಗೆ ಟೈರು ಸಿಗುವುದೇ ಅಪರೂಪವಾಗಿತ್ತು.

ಕೊನೆಗೆ ದಾವಲಸಾಬ ಎಂಬವನ ಅಂಗಡಿಯಲ್ಲಿ ಆ ಅಳತೆಯವು ಸಿಕ್ಕವು. ದ್ಯಾಮಣ್ಣ ಟ್ರ್ಯಾಕ್ಟರನ್ನು ಅಲ್ಲಿಗೆ ಎಳೆಸಿಕೊಂಡು ಬಂದ. ದಾವಲಸಾಬ ಹುಟ್ಟಿದಾಗಿನಿಂದ ಟೈರಿನ ನಡುವೆಯೇ ಬೆಳೆದವನು. ಅವನು ಮೂರು ಬಗೆಯ ಟೈರು ಉರುಳಿಸಿಕೊಂಡು ಬಂದು ಗೋಡೆಗೆ ಒರಗಿಸಿದ. ಒಂದಕ್ಕೆ ಹಲ್ಲು ಗಿಡ್ಡ, ಅದು ರಸ್ತೆಯ ಮೇಲೆ ಹೊರೆ ಎಳೆಯುವವರಿಗೆ. ಇನ್ನೊಂದಕ್ಕೆ ಹಲ್ಲು ನಡುತರ, ಅದು ಒಣ ಬೇಸಾಯದವರಿಗೆ. ಮೂರನೆಯದರ ಹಲ್ಲು ನಾಲ್ಕು ಬೆರಳಿನಷ್ಟು ಎತ್ತರ. ಅದು ಭತ್ತದ ಗದ್ದೆಯ ಕೆಸರಿಗೆ ಮಾಡಿದ್ದು.

ದ್ಯಾಮಣ್ಣ ಮೂರನೆಯದರ ಮೇಲೆ ಕೈಯಿಟ್ಟ.

"ಹೊಲ ಎಂಥಾದ್ದು?" ಎಂದು ದಾವಲಸಾಬ ಕೇಳಿದ.

"ಎರಿ ಹೊಲ."

"ಹಂಗಾರ ನಡುತರದ್ದು ಸಾಕು. ಗಾಡಿ ಸಣ್ಣದು, ವಯಸ್ಸಾಗೈತಿ. ಗದ್ದಿ ಟೈರು ಹಾಕಿದ್ರ ಗಾಲಿ ತಿರುಗಿಸೋ ಒಳಗಿನ ಅಚ್ಚು ತಡಿಯೂದಿಲ್ಲ."

"ನನಗ ಜಾರೂದ ಬ್ಯಾಡ."

"ಸ್ವಲ್ಪ ಜಾರಬೇಕು, ಅಣ್ಣಾ. ತಡಿಯಲಾರದ ಭಾರ ಬಿದ್ದಾಗ ಗಾಲಿ ಜಾರಿ ಗಾಡಿ ಉಳಸತೈತಿ."

ದ್ಯಾಮಣ್ಣ ಕೈ ತೆಗೆಯಲಿಲ್ಲ. ದಾವಲಸಾಬ ಅವನ ಮುಖ ನೋಡಿದ. ಆಮೇಲೆ ಜಾಕಿ ತರಲು ಒಳಗೆ ಹೋದ.

ಟೈರು ಹಾಕಿಸಿದ್ದು ಸಾಲದೆಂದು ದ್ಯಾಮಣ್ಣ ಭಾರ ಹೆಚ್ಚಲೆಂದು ಟ್ಯೂಬಿನೊಳಗೆ ನೀರು ತುಂಬಿಸಿದ. ಗಾಲಿಗೆ ಕಬ್ಬಿಣದ ತೂಕ ಕಟ್ಟಿಸಿದ. ಮೊದಲ ದಿನ ಹೊಲಕ್ಕೆ ಇಳಿದಾಗ ಗಾಲಿಯ ಹಲ್ಲುಗಳು ಎರೆಯೊಳಗೆ ಹುಗಿದು ಮೇಲೆದ್ದವು. ಗಾಲಿಯೊಳಗೆ ನೀರು ಹೊರಳುವ ಸದ್ದು ಕೇಳುತ್ತಿತ್ತು. ಆ ಸದ್ದಿನಲ್ಲಿ ದ್ಯಾಮಣ್ಣ ತೂಕಡಿಸುವವನಂತೆ ಕೂತಿದ್ದ. ಒಂದು ಮರವೇ ಬೇರೂರಿ ನಿಂತು, ಮತ್ತೆ ಬೇರು ಕಿತ್ತು, ಮತ್ತೆ ಊರುತ್ತ ನಡೆಯುತ್ತಿದೆ ಎಂದು ಅವನಿಗೆ ಅನ್ನಿಸಿತು. ಅಂದು ಮಧ್ಯಾಹ್ನ ಬೇವಿನ ಕೆಳಗೆ ಕಣ್ಣು ಮುಚ್ಚಿದ. ಹೊಲ ಸರಿಯಲಿಲ್ಲ. ನೆಲ ನಿಂತಿತ್ತು.

ಹೀಗೆ ಒಂದು ವರ್ಷ ಕಳೆಯಿತು. ಆ ವರ್ಷವಿಡೀ ಅವನು ಶಾಂತವ್ವನನ್ನು ಟ್ರ್ಯಾಕ್ಟರಿನ ಮೇಲೆ ಹತ್ತಿಸಿಕೊಳ್ಳಲಿಲ್ಲ. ಅವನು ಮುಂದೆ ಹೋಗುತ್ತಿದ್ದ. ಅವಳು ಬುತ್ತಿ ಹೊತ್ತು, ಕಾಲು ಎಳೆಯುತ್ತ ಹಿಂದೆ ಬರುತ್ತಿದ್ದಳು. ಅವನು ಹೊಲ ಮುಟ್ಟಿ ಎರಡು ಸಾಲು ಹೊಡೆದ ಮೇಲೆ ಅವಳು ಬದುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದಳು. ಗಾಡಿ ತಿರುಗುವಾಗ ಒಳಗೇನೋ ನರಳುತ್ತದೆ ಎಂದು ಅವಳೇ ಎರಡು ಸಲ ಹೇಳಿದಳು. ಅವನಿಗೆ ಗಾಲಿಯೊಳಗಿನ ನೀರಿನ ಸದ್ದು ಮಾತ್ರ ಕೇಳುತ್ತಿತ್ತು.

ಹೊಲದ ಮೂಲೆಯಲ್ಲಿ ಜಾಲಿಯ ಒಂದು ಬೊಡ್ಡೆ ಇತ್ತು. ಅದನ್ನು ಕೀಳಬೇಕಾಗಿತ್ತು. ಒಂದು ಬೆಳಿಗ್ಗೆ ದ್ಯಾಮಣ್ಣ ಬೊಡ್ಡೆಗೆ ಸರಪಳಿ ಬಿಗಿದು ಟ್ರ್ಯಾಕ್ಟರಿಗೆ ಸಿಕ್ಕಿಸಿದ. ಹಳೆಯ ಟೈರುಗಳ ಕಾಲದಲ್ಲಾಗಿದ್ದರೆ ಗಾಲಿ ನಿಂತಲ್ಲೇ ತಿರುಗುತ್ತಿತ್ತು, ಅವನು ಬೈದುಕೊಂಡು ಇಳಿದು ಸಲಿಕೆಯಿಂದ ಬೇರು ಬಿಡಿಸುತ್ತಿದ್ದ. ಈಗ ಗಾಲಿ ತಿರುಗಲಿಲ್ಲ. ಬೊಡ್ಡೆಯೂ ಕದಲಲಿಲ್ಲ. ಸರಪಳಿ ಸೆಟೆದು ನಿಂತಿತು. ಆಗ ಟ್ರ್ಯಾಕ್ಟರಿನ ಮುಂದಿನ ಎರಡು ಗಾಲಿಗಳು ನೆಲ ಬಿಟ್ಟವು.

ಅವು ಬಹಳ ನಿಧಾನವಾಗಿ ಮೇಲೆದ್ದವು. ದ್ಯಾಮಣ್ಣನಿಗೆ ಮೊದಲು ಹೊಲದ ಅಂಚು ಕಾಣದಾಯಿತು. ಆಮೇಲೆ ಗುಡ್ಡ ಕಾಣದಾಯಿತು. ಆಮೇಲೆ ಆಕಾಶವೊಂದೇ ಉಳಿಯಿತು. ಒಂದು ಕೊಕ್ಕರೆ ಹಾರಿಹೋಗುತ್ತಿತ್ತು. ಅದು ಹೋದತ್ತಲೇ ಅವನು ನೋಡಿದ. ಅವನಿಗೆ ಹೆದರಿಕೆಯಾಗಲಿಲ್ಲ. ಕಾಲಿನ ಕೆಳಗೇ ಕ್ಲಚ್ ಇತ್ತು. ಒತ್ತಿದ್ದರೆ ಎಲ್ಲವೂ ಇಳಿದುಬಿಡುತ್ತಿತ್ತು. ಅವನು ಒತ್ತಲಿಲ್ಲ. ಹಿಂದಿನ ಗಾಲಿ ಜಾರಲಿಲ್ಲ, ಜಾರಲೇ ಇಲ್ಲ ಎಂದು ಅಂದುಕೊಳ್ಳುತ್ತ ಕೂತಿದ್ದ.

ಇನ್ನೊಂದು ಮೊಳ ಎದ್ದಿದ್ದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಅವನನ್ನು ಅಡಿಗೆ ಹಾಕಿಕೊಳ್ಳುತ್ತಿತ್ತು. ಅಷ್ಟರಲ್ಲಿ ಒಳಗೆ ಅಚ್ಚು ಮುರಿಯಿತು. ಬಂಡೆ ಒಡೆದಂಥ ಸದ್ದಾಯಿತು. ಮುಂದಿನ ಗಾಲಿಗಳು ನೆಲಕ್ಕೆ ಅಪ್ಪಳಿಸಿದವು. ಎಂಜಿನ್ ನಿಂತಿತು.

ಕಳೆ ತೆಗೆಯುತ್ತಿದ್ದ ಶಾಂತವ್ವ ಕುಡುಗೋಲು ಎಸೆದು ಓಡಿ ಬಂದಳು. ಅವಳ ಓಟ ಓಟದಂತಿರಲಿಲ್ಲ. ಎರಡು ಸಲ ಎಡವಿ ಬಿದ್ದು ಎದ್ದಳು. ಗಂಡನ ತೋಳು ಹಿಡಿದು ಕೆಳಗಿಳಿಸಿದಳು. ತಲೆ, ಎದೆ, ಮೊಣಕಾಲು ಮುಟ್ಟಿ ನೋಡಿದಳು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಅವಳಿಗೆ ಸಿಟ್ಟು ಬಂತು.

"ಕ್ಲಚ್ ಯಾಕ ಒತ್ತಲಿಲ್ಲ?"

"ಗಾಲಿ ಜಾರಲಿಲ್ಲ, ನೋಡಿದ್ಯಾ?" ಎಂದ ದ್ಯಾಮಣ್ಣ. ಅವನ ಕಣ್ಣು ಇನ್ನೂ ಆಕಾಶದಲ್ಲಿತ್ತು.

ಶಾಂತವ್ವ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನಾ ಬಿದ್ದದ್ದು ಮಳ್ಯಾಗ. ಆ ಮಳಿ ನಿಂತು ಮೂರು ವರ್ಷ ಆತು. ನೀ ಒಬ್ಬಾವ ಇನ್ನೂ ತೊಯ್ಸಿಕೋತ ಕುಂತೀಯಲ್ಲ," ಎಂದಳು.

ದ್ಯಾಮಣ್ಣ ಅಲ್ಲೇ ಸಾಲಿನಲ್ಲಿ ಕೂತುಬಿಟ್ಟ. ಮೂರು ವರ್ಷದ ಅಳು ಒಮ್ಮೆಲೇ ಬಂತು. ಅವಳು ಅವನ ಪಕ್ಕ ಕೂತಳು. ಕೂರಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿಸಿಲು ಏರುವವರೆಗೂ ಇಬ್ಬರೂ ಏಳಲಿಲ್ಲ.

ಅಚ್ಚು ಸಿಗಲು ನಾಲ್ಕು ತಿಂಗಳು ಹಿಡಿಯಿತು. ದಾವಲಸಾಬನೇ ಎಲ್ಲಿಯೋ ಗುಜರಿಯಲ್ಲಿ ಹುಡುಕಿ ತಂದ. ತಾನು ಮೊದಲೇ ಹೇಳಿದ್ದೆ ಎಂಬ ಮಾತನ್ನು ಅವನು ಆಡಲಿಲ್ಲ. ಎತ್ತರದ ಹಲ್ಲಿನ ಟೈರುಗಳನ್ನು ಬಿಚ್ಚಿ, ಕಾಲುವೆಯ ಕೊನೆಯಲ್ಲಿ ಭತ್ತ ಬೆಳೆಯುವ ಒಬ್ಬನಿಗೆ ಕೊಡಿಸಿದ. ಆ ಕೆಸರಿನಲ್ಲಿ ಅವು ಚೆನ್ನಾಗಿಯೇ ನಡೆದವು. ದ್ಯಾಮಣ್ಣನ ಗಾಲಿಗೆ ನಡುತರ ಹಲ್ಲಿನವು ಬಂದವು. ಕಬ್ಬಿಣದ ತೂಕವನ್ನು ದ್ಯಾಮಣ್ಣನೇ ಕಳಚಿ ಇಟ್ಟ.

ಮಳೆಯ ಹಸಿ ಆರದ ಒಂದು ದಿನ ಅವನು ಹೊಲಕ್ಕೆ ಇಳಿದ. ಮೊದಲ ಸಾಲಿನ ತಿರುವಿನಲ್ಲಿ ಗಾಲಿ ಒಂದು ಗೇಣು ಜಾರಿತು. ದ್ಯಾಮಣ್ಣ ಕ್ಲಚ್ ಒತ್ತಿ ನಿಲ್ಲಿಸಿದ. ಉಸಿರು ತೆಗೆದುಕೊಂಡು ಮತ್ತೆ ಗಾಡಿ ಬಿಟ್ಟ. ಗಾಲಿ ಜಾರಿತು, ನೆಲ ಹಿಡಿಯಿತು, ಮುಂದೆ ಹೋಯಿತು. ಮತ್ತೆ ಜಾರಿತು, ಮತ್ತೆ ಹಿಡಿಯಿತು. ಸಂಜೆಯ ಹೊತ್ತಿಗೆ ಅವನು ಅದನ್ನು ಎಣಿಸುವುದನ್ನು ಬಿಟ್ಟಿದ್ದ.

ಕತೆ ಅಲ್ಲಿಗೆ ಮುಗಿಯಿತು.

ಮಹಾಂತ ಗುರುಗಳಿಗೆ ಕೈಮುಗಿದ. ಆಮೇಲೆ, "ಅರ್ಥವಾಯಿತು, ಗುರುಗಳೇ. ಹಾಗಾದರೆ ನನಗೆ ನಡುತರದ ಒಂದು ವ್ರತ ಕೊಡಿ," ಎಂದ.

ಗುರುಗಳು ಅವನ ಮುಖವನ್ನೇ ನೋಡಿ ಮೆಲ್ಲಗೆ ಕೇಳಿದರು. "ಕೊಡೋಣ. ನೀನು ವ್ರತ ಕೇಳುತ್ತಿರುವುದು ನಾಳೆಗೋ ಮಗು, ಇಲ್ಲಿಗೆ ಬರುವ ಮೊದಲು ನೀನು ಜಾರಿದ ಯಾವುದೋ ಒಂದು ದಿನಕ್ಕೋ?"

ಮಹಾಂತ ಅಲ್ಲೇ ಕಟ್ಟೆಯ ಕೆಳಗೆ ಕೂತುಬಿಟ್ಟ.