ಹಳ್ಳದ ಆಚೆ ದಡ

ಎಳೆ ಹುಲ್ಲಿನ ಆಸೆ ತೋರಿಸಿ ನರಿ ಒಂದು ಮೇಕೆಮರಿಯನ್ನು ಹಳ್ಳ ದಾಟಿಸಿತು. ಬೆನ್ನಟ್ಟಿ ಬಂದ ಕಾವಲುನಾಯಿ ಕೆಂಚನನ್ನು ಆಚೆ ಊರಿನ ನಾಯಿ ಬೋಳ ತಡೆದ.

"ಯಾರನ್ನು ಕೇಳಿ ನಮ್ಮೂರಿಗೆ ಕಾಲಿಟ್ಟೆ?"

"ನರಿ ನಮ್ಮ ಮರಿಯನ್ನು ಒಯ್ಯುತ್ತಿದೆ."

"ಮರಿ ನಿಮ್ಮೂರಿನದು. ನನಗೇನು?"

ಇಬ್ಬರೂ ಕಚ್ಚಾಡಿದರು. ಕೆಂಚನ ಕಿವಿ ಹರಿಯಿತು. ಮರಿ ಮರಳಲಿಲ್ಲ.

ವಾರ ಕಳೆದು ಅದೇ ನರಿ ಬೋಳನ ಊರಿನ ಮರಿಯೊಂದನ್ನು ಈಚೆಗೆ ತಂದಿತು. ಬೆನ್ನಟ್ಟಿದ ಬೋಳ, ತಾನೇ ಹಾಕಿದ ಕಟ್ಟಳೆ ನೆನಪಾಗಿ, ಆಚೆ ದಡದಲ್ಲೇ ನಿಂತ. ಈಚೆ ದಡದಲ್ಲಿ ಮಲಗಿದ್ದ ಕೆಂಚನ ಕಿವಿ ಇನ್ನೂ ಉರಿಯುತ್ತಿತ್ತು.

"ಇದು ನಿಮ್ಮೂರಿನದಲ್ಲ" ಎಂದಿತು ನರಿ ಅವನಿಗೆ.

ಮರಿ ಕೂಗಿತು. ಕೆಂಚ ಎದ್ದು ನರಿಯ ಮೇಲೆರಗಿದ. ಹಿಂದಕ್ಕೆ ಓಡಿದ ನರಿ ಬೋಳನ ಬಾಯಿಗೆ ಸಿಕ್ಕಿತು.

"ನಮ್ಮ ಮರಿಗಾಗಿ ನೀನೇಕೆ ಎದ್ದೆ?" ಬೋಳ ತಲೆ ತಗ್ಗಿಸಿ ಕೇಳಿದ.

"ಕೂಗಿನಲ್ಲಿ ಅದು ಯಾವ ಊರಿನದೆಂದು ಕೇಳಿಸಲಿಲ್ಲ" ಎಂದ ಕೆಂಚ.