ಸುರುಳಿ ನಿಲ್ಲದ ರಿಬ್ಬನ್

“ಗುರುಗಳೇ, ತಮ್ಮನಿಗೆ ಹಾಡು ಹೇಳಿಕೊಟ್ಟು ಸಾಕಾಗಿದೆ. ಪ್ರತಿ ಸಾಲನ್ನೂ ತಿದ್ದುತ್ತೇನೆ. ಈಗ ಅವನು ನನ್ನೆದುರು ಬಾಯಿಯನ್ನೇ ತೆರೆಯುವುದಿಲ್ಲ. ಇನ್ನು ಹೇಗೆ ತಿದ್ದಲಿ?” ಎಂದು ಶಿಷ್ಯ ಕೊಟ್ರೇಶ ಕೇಳಿದ. ಅವನು ಈ ದೂರು ತಂದದ್ದು ಅದೇ ಮೊದಲಲ್ಲ. ಗುರುಗಳು ಬೇಸತ್ತು ಅವನ ಮುಖ ನೋಡಿ, ಈ ಕತೆ ಹೇಳಿದರು.

ಒಬ್ಬ ತಾಯಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳ ನಿಶ್ಚಿತಾರ್ಥ ಗೊತ್ತಾಯಿತು. ಗಂಡಿನ ಕಡೆಯವರಿಗೆ ಕೊಡುವ ತಟ್ಟೆಗಳಿಗೆ ಸುರುಳಿ ರಿಬ್ಬನ್ ಕಟ್ಟಬೇಕೆಂದು ಚಿಕ್ಕವಳು ಆಸೆಪಟ್ಟಳು. ಅಂಗಡಿಯಿಂದ ಪ್ಲಾಸ್ಟಿಕ್ ರಿಬ್ಬನ್ ತಂದಳು. ಅದನ್ನು ಕತ್ತರಿಯ ಅಲಗಿಗೂ ಹೆಬ್ಬೆರಳಿಗೂ ನಡುವೆ ಹಿಡಿದು ಒಂದೇ ಸಲಕ್ಕೆ ಎಳೆದಳು. ರಿಬ್ಬನ್ ಗುಂಗುರು ಕೂದಲಿನಂತೆ ಸುತ್ತಿಕೊಂಡಿತು. ಅವಳು ಹಿಗ್ಗಿ ಅಕ್ಕನಿಗೆ ತೋರಿಸಿದಳು.

ತಾಯಿ ಬಂದು ನೋಡಿ, ಸುರುಳಿ ಸಡಿಲವಾಯಿತು ಎಂದಳು. ಮಗಳ ಕೈಯಿಂದ ಕಿತ್ತುಕೊಂಡು ತಾನೇ ಕತ್ತರಿ ಒತ್ತಿ ಎಳೆದಳು. ಇದ್ದ ಸುರುಳಿಯೂ ಬಿಚ್ಚಿಕೊಂಡಿತು. ಸಿಟ್ಟು ಬಂದು ಇನ್ನೂ ಒತ್ತಿ ಎಳೆದಳು. ರಿಬ್ಬನ್ ಕಸುವು ಕಳೆದುಕೊಂಡು ಜೋತುಬಿತ್ತು. ಮಗಳು ಇನ್ನೊಂದು ಮಾಡಿದಳು. ಅದರಲ್ಲೂ ತಾಯಿಗೆ ಕೊರತೆ ಕಂಡಿತು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ರಿಬ್ಬನ್ನೂ ಹಾಳು, ಹೊತ್ತೂ ಹಾಳು, ಈ ಹುಡುಗಿಗೆ ಒಂದು ಕೆಲಸವೂ ನೆಟ್ಟಗೆ ಬರುವುದಿಲ್ಲ ಎಂದು ತಾಯಿ ನೆರೆಯವರ ಮುಂದೆಯೇ ಗೊಣಗಿದಳು.

ಮಗಳು ಕತ್ತರಿ ಕೆಳಗಿಟ್ಟಳು. “ನೀನೇ ಮಾಡಮ್ಮ. ನನಗೆ ಬರುವುದಿಲ್ಲ” ಎಂದು ಒಳಗೆ ಹೋದಳು.

ನಿಶ್ಚಿತಾರ್ಥ ಚೆನ್ನಾಗಿಯೇ ನಡೆಯಿತು. ತಟ್ಟೆಗಳಿಗೆ ಏನು ಕಟ್ಟಿದೆ ಎಂದು ಯಾರೂ ನೋಡಲಿಲ್ಲ. ಆಮೇಲೆ ಮದುವೆ ಬಂತು. ಹೂ ಕಟ್ಟಲು ಬಾ ಎಂದು ತಾಯಿ ಚಿಕ್ಕ ಮಗಳನ್ನು ಕರೆದಳು. ಮಗಳು ಬಂದು ಬುಟ್ಟಿಯ ಮುಂದೆ ಕುಳಿತಳು. ಒಂದೊಂದು ಹೂವನ್ನೂ ಎತ್ತಿ ಹಿಡಿದು, ಇದನ್ನು ಎಲ್ಲಿಡಲಿ ಎಂದು ತಾಯಿಯನ್ನೇ ಕೇಳಿದಳು.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ತಡೆಯಲಾರದೆ, “ತಾಯಿ ತಿದ್ದಿದ್ದು ಮಗಳ ಒಳ್ಳೆಯದಕ್ಕೇ ಅಲ್ಲವೇ?” ಎಂದ.

“ಇರಬಹುದು. ನಿನ್ನ ತಮ್ಮ ತನ್ನಷ್ಟಕ್ಕೆ ತಾನು ಹಾಡಿಕೊಂಡಿದ್ದನ್ನು ನೀನು ಕೊನೆಯದಾಗಿ ಕೇಳಿದ್ದು ಯಾವಾಗ?”